ಒಂಬತ್ತು ಮಂದಿ ಕಲಿತ ಬೀಸುವ ಪದ

ಮೊನ್ನೆ ಸೋಮವಾರ ಕೊಪ್ಪಳದ ನಮ್ಮ ಓಣಿಯ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ನಿಂತಿದ್ದೆ. ನನ್ನ ಮುಂದೆ ಮೂರು ಡಬ್ಬಿ ಇದ್ದವು. ಹೊಸ ಬಿಳಿಜೋಳ ಬಂದ ಕಾಲ, ಎಲ್ಲರೂ ಅದನ್ನೇ ತಂದಿದ್ದರು. ಬಿಸಿ ಬಿಸಿಯಾಗಿ ಬೀಳುವ ಹೊಸ ಜೋಳದ ಹಿಟ್ಟಿನ ವಾಸನೆ ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳಿ ತಿಳಿಸುವಂಥದ್ದಲ್ಲ. ಮನೆಯಲ್ಲಿ ಪೂಜೆ ಬಾಕಿ ಇತ್ತು. ಆದರೂ ನನ್ನ ಪಾಳಿ ತಡವಾಗಿಯೇ ಬರಲಿ ಅನ್ನಿಸಿತು. ಆ ವಾಸನೆಯ ಬೆನ್ನು ಹತ್ತಿ ನಾನು ಅಳವಂಡಿಗೆ ಹೋಗಿಬಿಟ್ಟಿದ್ದೆ.

ನಮ್ಮ ಯಜಮಾನರದು ಹೈಸ್ಕೂಲಿನಲ್ಲಿ ಜವಾನನ ಕೆಲಸ. ವರ್ಗವಾಗಿ ಕೊಪ್ಪಳಕ್ಕೆ ಬಂದು ಎರಡು ವರ್ಷವಾಯಿತು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ನಾನು ಅಳವಂಡಿಯವಳು. ಊರು ಬಿಡುವ ಹಿಂದಿನ ವರ್ಷ, ಸಂಕ್ರಮಣದಿಂದ ಬಸವ ಜಯಂತಿಯವರೆಗೆ, ನಾವು ಒಂಬತ್ತು ಮಂದಿ ಹೆಂಗಸರು ಕೂಡಿ ಒಂದು ಪದ ಕಲಿತೆವು. ಒಂದೇ ಪದ, ಮೂರು ಮೂರು ಸಾಲಿನ ಇಪ್ಪತ್ತೊಂದು ನುಡಿ. ಇಷ್ಟಕ್ಕೆ ಮೂರೂವರೆ ತಿಂಗಳು ಬೇಕಾಯಿತೇ ಎಂದು ಯಜಮಾನರು ಈಗಲೂ ನಗುತ್ತಾರೆ. ನಗಲಿ. ರೊಟ್ಟಿ ತಡವಾದ ದಿನಗಳಲ್ಲಿಯೂ ಅವರು ನಕ್ಕರೇ ಹೊರತು ಸಿಟ್ಟಾಗಲಿಲ್ಲ. ಅದನ್ನು ನಾನು ದೇವರ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ.

ಅದು ಶುರುವಾದದ್ದು ಶಾಂತವ್ವನ ಜಂಬದಿಂದ. ಶಾಂತವ್ವ ನಮ್ಮ ಎದುರು ಮನೆಯವಳು. ಮಗಳು ಕವಿತಾಳನ್ನು ಸಿದ್ದಾಪುರಕ್ಕೆ ಕೊಡುವುದೆಂದು ನಿಶ್ಚಯವಾಗಿತ್ತು. ಸಿದ್ದಾಪುರವೆಂದರೆ ಕಾಲುವೆ ನೀರಿನ ಊರು, ಭತ್ತದ ಸೀಮೆ. ನಮ್ಮದು ಕರಿಮಣ್ಣು, ಜೋಳ, ಕಡಲೆ. ನಿಶ್ಚಯಕ್ಕೆ ಬಂದ ಬೀಗಿತಿ ನಾಗರತ್ನಮ್ಮ ಊಟ ಮಾಡಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತಿಗೆ ಮಾತು ಬಂದು ಅಂದಳು: "ನಮ್ಮ ಕಡಿ ಶಾಸ್ತ್ರಕ್ಕೆಲ್ಲಾ ಡೆಕ್ಕಿನ ಮ್ಯಾಗ ಹಾಡು ಹಚ್ಚಿಬಿಡ್ತೀವಮ್ಮಾ. ನಿಮ್ಮ ಕಡಿ ಇನ್ನಾ ಬಾಯಿಲೆ ಹಾಡ್ತಾರಂತಲ್ಲ? ಖರೇನ?"

ಅವಳು ಕುಹಕದಿಂದ ಕೇಳಿದಳೋ, ಬರೀ ಕೇಳಿದಳೋ, ನನಗೆ ಆಗ ತಿಳಿಯಲಿಲ್ಲ. ಶಾಂತವ್ವ ಮಾತ್ರ ಸೆರಗು ಸರಿಮಾಡಿಕೊಂಡು ಅಂದೇಬಿಟ್ಟಳು: "ಹಾಡ್ತೀವ್ರೀ! ನಮ್ಮ ಓಣ್ಯಾಗ ಒಂಬತ್ತು ಮಂದಿ ಅದೀವಿ. ಬೀಸೋ ಶಾಸ್ತ್ರದ ದಿನ ನೀವ ಬಂದು ಮುಂದ ಕುಂತು ಕೇಳ್ರಿ."

ನಮ್ಮ ಕಡೆ ಮದುವೆಗೆ ಮೊದಲು ಬೀಸುವ ಶಾಸ್ತ್ರವಿದೆ. ಬೀಸುಕಲ್ಲನ್ನು ತೊಳೆದು, ವಿಭೂತಿ, ಅರಿಸಿನ ಕುಂಕುಮ ಹಚ್ಚಿ, ಗೂಟಕ್ಕೆ ಅರಿಸಿನದ ಕೊಂಬು ಕಟ್ಟಿ, ಮುತ್ತೈದೆಯರು ಪದ ಹೇಳುತ್ತ ಜೋಳ ಬೀಸಬೇಕು. ಆ ಹಿಟ್ಟಿನದೇ ಮದುಮಗಳಿಗೆ ಮೊದಲ ತುತ್ತು. ಈಗೀಗ ಒಂದು ಹಿಡಿ ಕಾಳು ಹಾಕಿ, ಎರಡು ಸುತ್ತು ತಿರುಗಿಸಿ, ಫೋಟೋ ತೆಗೆಸಿಕೊಂಡು ಏಳುತ್ತಾರೆ. ಹಿಟ್ಟು ಗಿರಣಿಯದು, ಹಾಡು ಡೆಕ್ಕಿನದು.

ಬೀಗರ ಗಾಡಿ ಊರ ಅಗಸಿ ದಾಟುವುದೇ ತಡ, ಶಾಂತವ್ವ ನಮ್ಮ ಮನೆಗೆ ಬಂದು ಕಂಬಕ್ಕೆ ಒರಗಿ ಕೂತಳು.

"ಗೌರಕ್ಕಾ, ನಾ ಸುಳ್ಳು ಹೇಳಿಬಿಟ್ಟೀನಿ ಬೇ."

"ಒಂಬತ್ತು ಮಂದಿ ಅದೀವಿ ಅನ್ನೂದು ಖರೆ ಐತಲ್ಲ" ಎಂದೆ. ಪ್ರತಿ ಸೋಮವಾರ ಗುಡಿಯಲ್ಲಿ ಭಜನೆ ಮಾಡುವವರು ನಾವು ಒಂಬತ್ತೇ ಮಂದಿ ಇದ್ದೆವು.

"ಭಜನಿ ಬರ್ತೈತಿ, ಬೀಸೋ ಪದ ಯಾರಿಗಿ ಬರ್ತೈತಿ? ನನ್ನ ಮಗಳ ಮುಂದ ನನ್ನ ಮಾರಿ ಉಳೀಬೇಕು ಅಕ್ಕಾ. ಆ ಬೀಗಿತಿ ಮನ್ಯಾಗ ಅಕಿ ಬಾಳೇವು ಮಾಡಾಕಿ. ನಿಮ್ಮವ್ವ ಬಾಯಿಬಡಕಿ ಅಂತ ಜನ್ಮೆಲ್ಲ ಅನಸ್ಕೋಬೇಕಾಗ್ತದ."

ಬೀಸುವ ಪದ ನಮ್ಮ ಓಣಿಯಲ್ಲಿ ಒಬ್ಬಳಿಗೇ ಬರುತ್ತಿತ್ತು. ಅವಳ ಹೆಸರು ನಮ್ಮಿಬ್ಬರ ಬಾಯಿಗೂ ಒಮ್ಮೆಲೇ ಬಂತು, ಇಬ್ಬರೂ ನುಂಗಿಕೊಂಡೆವು. ಹುಲಿಗೆವ್ವ. ಓಣಿಯ ತುದಿಯ ಮನೆ. ಎಪ್ಪತ್ತರ ಆಸುಪಾಸು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗಿ ತನ್ನ ಹೊಟ್ಟೆ ತಾನು ಹೊರೆಯುತ್ತಿದ್ದಳು. ಮುತ್ತೈದೆಯರ ಶಾಸ್ತ್ರದಲ್ಲಿ ವಿಧವೆ ಕೂರುವಂತಿಲ್ಲ. ಇದು ನಾನು ಹೇಳುವುದೇ ಬೇಡ.

ಮರುದಿನ ಇಬ್ಬರೂ ಅವಳ ಮನೆಗೆ ಹೋದೆವು. ಕೇಳಬೇಕಾದದ್ದನ್ನು ಕೇಳಲು ನಾಲಗೆ ಏಳಲಿಲ್ಲ. ಅವಳೇ ಹಾದಿ ಮಾಡಿಕೊಟ್ಟಳು. "ಕಲಸ್ತೀನವ್ವಾ. ಎದ್ಯಾಗ ಇಟಗೊಂಡು ಏನ ಮಾಡ್ಲಿ, ಹೊತಗೊಂಡು ಹೋಗ್ಲೇನು? ಖರೆ, ಶಾಸ್ತ್ರದ ದಿನ ಮಾತ್ರ ನನ್ನ ಕರೀಬ್ಯಾಡ್ರಿ."

ನನಗೆ ಸಮಾಧಾನವಾಯಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ನಾವು ಹೇಳಬೇಕಾಗಿದ್ದ ಮಾತನ್ನು ಅವಳೇ ಹೇಳಿ ನಮ್ಮನ್ನು ಉಳಿಸಿದಳು ಎಂದುಕೊಂಡೆ.

ಹುಲಿಗೆವ್ವ ಸುಮ್ಮನೆ ಕೂತು ಹಾಡಲಾರಳು. "ಕೈ ತಿರುಗಿದ್ರ ಬಾಯಿ ತಿರುಗ್ತೈತಿ" ಅಂದಳು. ಎರಡು ದಿನ ಬಿಟ್ಟು, ಮೂಲೆಯಲ್ಲಿದ್ದ ತನ್ನ ಸಣ್ಣ ಬೀಸುಕಲ್ಲನ್ನು ಹಾಕಿಕೊಂಡು ಗೋಧಿ ನುಚ್ಚು ಬೀಸುತ್ತ ಪದ ತೆಗೆದಳು. ನಮ್ಮ ಗುಂಪಿನಲ್ಲಿ ಚಿಕ್ಕವಳು ರೇಣುಕಾ, ಅಂಗನವಾಡಿ ಟೀಚರು. ಅವಳು ಬಾಗಿಲಲ್ಲಿ, ಹುಲಿಗೆವ್ವನ ಬೆನ್ನ ಹಿಂದೆ ಕೂತು ಫೋನಿನಲ್ಲಿ ಎಲ್ಲವನ್ನೂ ತುಂಬಿಕೊಂಡಳು. ನಾವು ಉಳಿದವರು ಅಂದು ಹೋಗಿರಲಿಲ್ಲ. ಸುಗ್ಗಿಯ ದಿನ, ಎಲ್ಲರ ಹೊಲದಲ್ಲೂ ಕೆಲಸ. ಸಂಜೆಗೆ ನಮ್ಮೆಲ್ಲರ ಫೋನಿಗೆ ಹುಲಿಗೆವ್ವನ ದನಿ ಬಂತು. ಹಿಂದೆ ಕಲ್ಲಿನ ಗುರುಗುರು, ಮುಂದೆ ಅವಳ ಪದ. ಅದರ ನುಡಿಗಳನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಇಟ್ಟರೆ ಅದು ತಣ್ಣಗಾದ ರೊಟ್ಟಿಯಂತಾಗುತ್ತದೆ. ಕಲ್ಲನ್ನು ತಾಯಿ ಎಂದು ಕರೆದು, ಆಮೇಲೆ ತವರಿನ ದಾರಿ, ದಾರಿಯ ಬಾವಿ, ಬಾವಿಯ ಹತ್ತಿರ ಕಾದು ನಿಂತ ತಮ್ಮ, ಹೀಗೆ ಒಂದೊಂದಾಗಿ ನೆನೆಯುತ್ತ ಹೋಗುವ ಪದ ಅದು.

ಕಲಿಯಲು ಕೂತದ್ದು ನಮ್ಮ ಪಡಸಾಲೆಯಲ್ಲಿ. ಆ ವರ್ಷ ಹುಣಸೆ ಕೈತುಂಬ ಬಂದಿತ್ತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಎಲ್ಲರೂ ತಮ್ಮ ತಮ್ಮ ಬುಟ್ಟಿಯೊಡನೆ ಬರುತ್ತಿದ್ದರು. ಹಣ್ಣು ಕುಟ್ಟುವುದು, ಬೀಜ ತೆಗೆಯುವುದು, ನಾರು ಎಳೆಯುವುದು. ಫೋನನ್ನು ತಂಬಿಗೆಗೆ ಒರಗಿಸಿ ನಡುವೆ ಇಡುತ್ತಿದ್ದೆವು. ಒಂದು ನುಡಿ ಕೇಳುವುದು, ನಿಲ್ಲಿಸುವುದು, ಹೇಳುವುದು. ಒಂದು ನುಡಿ ಎಲ್ಲರ ಬಾಯಿಗೂ ಬಂದರೆ ಒಂದು ಹುಣಸೆಬೀಜ ಬೇರೆ ಇಡುವುದು. ಮೊದಲ ವಾರ ಇಟ್ಟದ್ದು ಎರಡೇ ಬೀಜ. ಎರಡನೆಯ ವಾರ ಅದರಲ್ಲಿ ಒಂದನ್ನು ವಾಪಸು ರಾಶಿಗೆ ಹಾಕಬೇಕಾಯಿತು.

ಆ ದಿನಗಳಲ್ಲಿ ನನಗೆ ಒಂದು ಸೋಜಿಗ ಕಂಡಿತು. ಓದು ಬಲ್ಲ ನಾವು ನಾಲ್ವರು ನುಡಿಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆವು, ಬರೆದುಕೊಂಡದ್ದಕ್ಕೇ ಮರೆತೆವು. ಅಕ್ಷರ ಬಾರದ ಬಸಮ್ಮ ಎಲ್ಲರಿಗಿಂತ ಮೊದಲು ಧಾಟಿ ಹಿಡಿದಳು. ಬಸಮ್ಮ ನನ್ನ ವಾರಿಗೆಯವಳು, ಬಾಯಿ ಜೋರು. "ನಿಮ್ಮ ಪದ ಬುಕ್ಕಿನ್ಯಾಗ ಮಲಗ್ಯಾವು. ಎಬ್ಬಿಸ್ಕೊಂಡು ಬರ್ರಿ, ಅಲ್ಲೀತನ ನಾ ಹಾಡ್ತಿರ್ತೀನಿ" ಎಂದು ಕಾಡುತ್ತಿದ್ದಳು. ಹಾಗೆಂದು ಅವಳಿಗೆ ಪೂರ್ತಿ ಪದ ಬರುತ್ತಿತ್ತೆಂದಲ್ಲ. ಧಾಟಿ ಅವಳದು, ಮುಂದಿನ ನುಡಿ ಯಾವುದು ಎನ್ನುವುದು ಅವಳಿಗೆ ನೆನಪಿರುತ್ತಿರಲಿಲ್ಲ. ಅದು ನನಗೆ ನೆನಪಿರುತ್ತಿತ್ತು. ಪ್ರತಿ ನುಡಿಯ ಮೊದಲ ಮಾತನ್ನು ನಾನು ಎತ್ತಿಕೊಡುತ್ತಿದ್ದೆ, ಬಸಮ್ಮ ಅದನ್ನು ಏರಿಸುತ್ತಿದ್ದಳು, ಕೊನೆಯ ಸಾಲನ್ನು ಶಾಂತವ್ವ ಮರೆಯದೆ ಮುಟ್ಟಿಸುತ್ತಿದ್ದಳು, ಉಳಿದವರು ನಡುವೆ ತುಂಬುತ್ತಿದ್ದರು. ಒಬ್ಬಳೇ ಬಚ್ಚಲಲ್ಲಿ ಹಾಡಿ ನೋಡಿದರೆ ನನಗೆ ಎರಡು ನುಡಿಯೂ ದಾಟುತ್ತಿರಲಿಲ್ಲ. ಒಂಬತ್ತು ಮಂದಿ ಕೂತರೆ ಇಪ್ಪತ್ತೊಂದೂ ಬರುತ್ತಿದ್ದವು. ಪದ ನಮ್ಮಲ್ಲಿ ಯಾರೊಬ್ಬರ ಹತ್ತಿರವೂ ಇರಲಿಲ್ಲ. ಹುಣಸೆಯ ರಾಶಿಯ ಸುತ್ತ ಎಲ್ಲೋ ಇತ್ತು. ನನ್ನ ದನಿ ಹೊಲಸು, ಒಬ್ಬಳೇ ಹಾಡಿದವಳಲ್ಲ. ಎಂಟು ದನಿಗಳ ಮರೆಯಲ್ಲಿ ನನ್ನದೂ ಸಾಗಿತು. ಇದೂ ಒಂದು ಕೃಪೆಯೇ.

ಜಗಳವೂ ಆಯಿತು, ಒಂದು ಜಾಗದ ಬಗ್ಗೆ. ಹುಲಿಗೆವ್ವ ಎರಡು ಸಾಲು ಹೇಳಿ ತಟ್ಟನೆ ನಿಲ್ಲುತ್ತಿದ್ದಳು. ಒಂದು ಎಣಿಸಿ ಎರಡು ಎಣಿಸುವಷ್ಟು ಹೊತ್ತು ಫೋನಿನಲ್ಲಿ ಬರೀ ಕಲ್ಲಿನ ಸಪ್ಪಳ. ಆಮೇಲೆ ಮೂರನೆಯ ಸಾಲು. ಪ್ರತಿ ನುಡಿಯಲ್ಲೂ ಅದೇ ಜಾಗ, ಅಷ್ಟೇ ಹೊತ್ತು.

"ಆಯಿಗೆ ದಮ್ಮು ಹತ್ತೇತಿ, ಪಾಪ" ಎಂದಳು ಬಸಮ್ಮ.

"ದಮ್ಮಾದ್ರ ಒಮ್ಮೆ ಉದ್ದ ಒಮ್ಮೆ ಗಿಡ್ಡ ಇರ್ತಿತ್ತು. ಇದು ಅಳತೀಲೆ ಐತಿ" ಎಂದಳು ರೇಣುಕಾ. "ಖರೆ ಚಂದ ಕೇಳಸಾಂಗಿಲ್ಲ ಬಿಡ್ರಿ. ಒಮ್ಮಿಗೇ ನಿಂತ್ರ ಮರತಾರ ಅಂತಾರ ಮಂದಿ. ಕೂಡಿಸಿ ಹೇಳಿಬಿಡೂಣು."

ನಾನು ಒಪ್ಪಲಿಲ್ಲ. ಹಿರಿಯರು ಹೇಗೆ ಹೇಳಿದ್ದಾರೋ ಹಾಗೇ ಹೇಳಬೇಕು. ಮಂತ್ರದಲ್ಲಿ ಅರ್ಥ ತಿಳಿಯದ ಮಾತಿದ್ದರೆ ಬಿಡುತ್ತೇವೆಯೇ? ಶಾಂತವ್ವ ನನ್ನ ಕಡೆಯಾದಳು. ಹಾಗಾಗಿ ಆ ಮೌನವನ್ನೂ ಕಲಿತೆವು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಹಾಡುವಾಗ ಒಬ್ಬರ ಹಿಂದೆ ಒಬ್ಬರು ಹೋಗಬಹುದು, ಸುಮ್ಮನಾಗುವಾಗ ಎಲ್ಲರೂ ಒಂದೇ ಸಲ ಸುಮ್ಮನಾಗಬೇಕು. ಯಾರದಾದರೂ ಒಂದು ಬಾಲ ಉಳಿದೇ ಉಳಿಯುತ್ತಿತ್ತು. ಬಸಮ್ಮ ಆ ಬಿಡುವಿನಲ್ಲಿ ಒಂದು ಹುಣಸೆಬೀಜ ಬಾಯಿಗೆ ಹಾಕಿಕೊಳ್ಳುವಂತೆ ನಟಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಯುಗಾದಿ ಬರುವ ಹೊತ್ತಿಗೆ ಆ ಬಿಡುವು ಕುಡುಗೋಲಿನಿಂದ ಕೊಯ್ದಷ್ಟು ನೆಟ್ಟಗೆ ಬರತೊಡಗಿತು. ನಮಗೆ ಪದಕ್ಕಿಂತ ಅದರ ಮೇಲೆಯೇ ಹೆಮ್ಮೆ.

ಹುಲಿಗೆವ್ವ ಕೂಲಿ ಇಲ್ಲದ ದಿನ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಒಳಗೆ ಬಾ ಎಂದರೆ, "ಇಲ್ಲಿ ಗಾಳಿ ಐತಿ" ಎನ್ನುತ್ತಿದ್ದಳು. ಹೇಗಿದೆ ಎಂದರೆ, "ಛಲೋ ಬರ್ತೈತಿ. ನನ್ನಂಗ ಹೇಳ್ತೀರಿ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ.

ಚೈತ್ರದ ಬಿಸಿಲು ಏರಿತು. ಮಧ್ಯಾಹ್ನ ಓಣಿಯ ಮಣ್ಣು ಅಂಗಾಲು ಸುಡುತ್ತಿತ್ತು. ಹುಣಸೆ ಮುಗಿದು ಶಾವಿಗೆ, ಹಪ್ಪಳಗಳ ಕೆಲಸ ಬಂತು. ಒಂದು ಸಂಜೆ ಎದ್ದ ಸುಂಟರಗಾಳಿಗೆ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಹಪ್ಪಳವೆಲ್ಲ ಓಣಿಯ ಪಾಲಾಯಿತು. ಅಂದು ಮಾತ್ರ ಪದ ಹೇಳಲಿಲ್ಲ, ಹಪ್ಪಳ ಆರಿಸಿದೆವು. ಮಳೆಯೂ ಬಂದಿದ್ದರೆ ಅಷ್ಟೂ ಹೋಗುತ್ತಿತ್ತು. ಬರಲಿಲ್ಲ.

ಉಳಿದದ್ದು ಕಲ್ಲು. ಓಣಿಯಲ್ಲಿ ದೊಡ್ಡ ಬೀಸುಕಲ್ಲು ಇದ್ದದ್ದು ನಮ್ಮ ಮನೆಯಲ್ಲಿ, ನಮ್ಮತ್ತೆಯ ಕಾಲದ್ದು. ಅದನ್ನು ನಾವು ಬಚ್ಚಲ ಮುಂದೆ ಬೋರಲು ಹಾಕಿ ಬಟ್ಟೆ ಒಗೆಯಲು ಇಟ್ಟುಕೊಂಡಿದ್ದೆವು. ಅದನ್ನು ಎತ್ತಿಸಿ, ತೊಳೆದು, ನುಣ್ಣಗಾದ ಮೈಯನ್ನು ಉಳಿಯಿಂದ ಹೊಡೆಸಿ ಒರಟು ಮಾಡಿಸಬೇಕಿತ್ತು. ಆ ಕೆಲಸ ಬಲ್ಲವನನ್ನು ಹುಡುಕಿದ್ದೇ ಹುಡುಕಿದ್ದು. ಕಡೆಗೆ ತಳಕಲ್ ಕಡೆಯಿಂದ ಒಬ್ಬ ಬಂದ. ಅವನು ಹೊಡೆದು ಮುಗಿಸಿದ್ದು ಶಾಸ್ತ್ರದ ಹಿಂದಿನ ಸಂಜೆ. ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆಂದು ಎರಡು ಹಿಡಿ ತೌಡು ಹಾಕಿ ತಿರುಗಿಸಿ ಚೆಲ್ಲಿ, ಕಲ್ಲನ್ನು ಶಾಂತವ್ವನ ಮನೆಗೆ ಸಾಗಿಸಿದೆ, ಅಷ್ಟೇ. ಕಲ್ಲಿನೊಡನೆ ಪದ ಹೇಳಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾವೆಲ್ಲ ಅವ್ವಂದಿರು ಬೀಸುವುದನ್ನು ನೋಡಿದವರು. ನಮ್ಮ ಕೈಗೆ ಶಕ್ತಿ ಬರುವಷ್ಟರಲ್ಲಿ ಊರಿಗೆ ಗಿರಣಿ ಬಂದಿತ್ತು.

ಶಾಸ್ತ್ರದ ದಿನ ಬೆಳಗ್ಗೆಯೇ ನಾಗರತ್ನಮ್ಮ ಇಬ್ಬರು ಹೆಂಗಸರೊಡನೆ ಸಿದ್ದಾಪುರದಿಂದ ಸೀರೆ ತಂದು ಇಳಿದಳು. ಶಾಂತವ್ವನ ಪಡಸಾಲೆಯಲ್ಲಿ ಮುಂದೆಯೇ ಕೂತಳು, ಅಂದು ಶಾಂತವ್ವ ಕರೆದಿದ್ದಂತೆ. ಕವಿತಾ ಹಸಿರು ಬಳೆ ತೊಟ್ಟು ಕಲ್ಲಿನ ಬದಿಗೆ ಕೂತಳು. ಗೂಟ ಹಿಡಿದವರು ನಾನು ಮತ್ತು ಬಸಮ್ಮ, ಎದುರಾಬದುರಾಗಿ. ಉಳಿದವರು ಸುತ್ತ. ಶಾಂತವ್ವ ಕೈಮುಗಿದು ಮೊರದಿಂದ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಳು. ನಾನು ಮೊದಲ ಮಾತು ಎತ್ತಿದೆ.

ಒಂದು ನುಡಿ, ಎರಡು ನುಡಿ. ಎಷ್ಟು ಚಂದ ಬಂತೆಂದರೆ, ನಾಗರತ್ನಮ್ಮ ಕೈಯಲ್ಲಿದ್ದ ಎಲೆಯನ್ನು ಬಾಯಿಗೆ ಹಾಕದೆ ಹಾಗೇ ಹಿಡಿದುಕೊಂಡಿದ್ದಳು. ನಮ್ಮ ಬಿಡುವು ಬಂದಾಗ ಒಂಬತ್ತು ಬಾಯಿ ಒಮ್ಮೆಲೇ ಮುಚ್ಚಿದವು. ನಾನು ಒಳಗೊಳಗೇ ಹಿಗ್ಗಿದೆ. ಮೂರನೆಯ ನುಡಿಗೆ ಕಲ್ಲು ಹಗುರಾಯಿತು. ಹಾಡಿನ ಅಮಲಿನಲ್ಲಿ ಅದೂ ಹಿತವೆನಿಸಿತು. ನಾಲ್ಕನೆಯದಕ್ಕೆ ಕರ್ರೆಂದು ಕಲ್ಲಿಗೆ ಕಲ್ಲು ತಾಗಿತು. ಹಲ್ಲು ಜುಮ್ಮೆನ್ನುವ ಸಪ್ಪಳ. ಸುಟ್ಟ ಕಲ್ಲಿನ ವಾಸನೆ.

"ಬರಿಗಲ್ಲು ಬೀಸಾಕತ್ತೀರಲ್ಲವ್ವಾ! ಮದುವಿ ಮನ್ಯಾಗ!" ಹಿಂದಿನಿಂದ ಯಾರೋ ಮುದುಕಿ ಕೂಗಿದಳು.

ಖಾಲಿ ಕಲ್ಲು ಬೀಸುವುದು ನಮ್ಮಲ್ಲಿ ಒಳ್ಳೆಯದಲ್ಲ. ಮನೆ ಬರಿದಾಗುತ್ತದೆ ಎನ್ನುತ್ತಾರೆ. ಮೂರು ಮಂದಿ ಒಮ್ಮೆಲೇ ಮೊರಕ್ಕೆ ಕೈಹಾಕಿ ಮೂರು ಹಿಡಿ ಸುರಿದರು. ಬಾಯಿ ತುಂಬಿ, ಕಾಳು ಚೆಲ್ಲಿ, ಕಲ್ಲು ಕಚ್ಚಿಕೊಂಡು ನಿಂತೇಬಿಟ್ಟಿತು. ಬಿಡಿಸಿ ಮತ್ತೆ ಶುರು ಮಾಡಿದೆವು. ಈ ಸಲ ಶಾಂತವ್ವ ಕಾಳು ಹಾಕಲು ಕೂತಳು. ಕಾಳಿನ ಕಡೆ ಗಮನ ಹೋಗಿ ಕೊನೆಯ ಸಾಲು ತಪ್ಪಿದಳು, ಅವಳ ಹಿಂದೆ ನಾವೆಲ್ಲ ತಪ್ಪಿದೆವು. ಪದ ನಿಂತಿತು. ಮೂರೂವರೆ ತಿಂಗಳು ಕಲಿತದ್ದು ನಾಲ್ಕು ನುಡಿಗೆ ಮುಗಿಯಿತು.

ಆಗ ಹಿತ್ತಲ ಬಾಗಿಲ ಕಡೆ ನೋಡಿದೆ. ಹೊಸ್ತಿಲಿನ ಆಚೆ, ತೊಳೆದಿಟ್ಟ ಪಾತ್ರೆಗಳ ಪಕ್ಕ ಹುಲಿಗೆವ್ವ ಕೂತಿದ್ದಳು. ಕರೆಯಬೇಡಿ ಎಂದವಳು ಪಾತ್ರೆ ತೊಳೆಯುವ ನೆಪದಲ್ಲಿ ಕೇಳಲು ಬಂದಿದ್ದಳು. ನಾವು ನಿಲ್ಲಿಸಿದ್ದು ಅವಳಿಗೆ ಗೊತ್ತಾದಂತಿರಲಿಲ್ಲ. ತುಟಿಯೊಳಗೆ ಪದವನ್ನು ಮುಂದುವರಿಸಿದ್ದಳು. ಎರಡು ಸಾಲು ಆಗುತ್ತಲೇ ತುಟಿ ನಿಂತಿತು, ಎಡಗೈ ಮಡಿಲಿಗೆ ಇಳಿದು ಇಲ್ಲದ ಕಾಳನ್ನು ಬಾಚಿ ಇಲ್ಲದ ಕಲ್ಲಿಗೆ ಹಾಕಿತು. ಮತ್ತೆ ತುಟಿ ಆಡಿತು.

ನಮ್ಮ ಬಿಡುವು ಅದು. ದಮ್ಮೂ ಅಲ್ಲ, ಧಾಟಿಯೂ ಅಲ್ಲ. ಕಾಳು ಹಾಕುವ ಹೊತ್ತು. ಒಂಬತ್ತು ಮಂದಿ ಆ ಹೊತ್ತನ್ನು ಅಳತೆಗೆ ಸರಿಯಾಗಿ ಕಲಿತು, ಅದರಲ್ಲಿ ಕೈಕಟ್ಟಿ ಕೂತಿದ್ದೆವು.

ನಾನು ಸೋಮವಾರ ತಪ್ಪಿಸಿದವಳಲ್ಲ. ಹಿರಿಯರು ಹಾಕಿದ ಗೆರೆ ದಾಟಿದವಳಲ್ಲ. ಗೂಟದ ಮೇಲೆ ಕೈ ಇಟ್ಟುಕೊಂಡೇ ಕಲ್ಲಿನ ಮೇಲಿನ ವಿಭೂತಿಯನ್ನು ನೋಡಿದೆ. ಸಂಕ್ರಮಣದಿಂದ ಈ ಹೆಂಗಸಿನ ದನಿಯನ್ನೇ ನಾವು ನಮ್ಮ ಬಾಯಲ್ಲಿ ಇಟ್ಟುಕೊಂಡಿದ್ದೆವು. ಮುತ್ತೈದೆಯರ ನಡುವೆ ಅವಳ ದನಿ ಬಂದು ಕೂತಾಗಿತ್ತು. ಹೊರಗೆ ಉಳಿದದ್ದು ಕೈ ಒಂದೇ.

"ಯವ್ವಾ, ಆ ಕೈ ಇಲ್ಲಿ ಬೇಕಾಗೈತಿ" ಎಂದೆ.

ಎಲ್ಲರೂ ತಿರುಗಿ ನೋಡಿದರು. ಹುಲಿಗೆವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡವಾ ಗೌರವ್ವಾ. ಮುತ್ತೈದೇರ ಕಲ್ಲದು. ನಾ ಮೊದಲ ಹೇಳಿದ್ನಿಲ್ಲೊ."

ನಾನು ಹೇಳುವುದನ್ನು ಹೇಳಿಯಾಗಿತ್ತು, ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಮದುಮಗಳು ಶಾಂತವ್ವನ ಮಗಳು. ನಾಳೆ ಏನೇ ಹೆಚ್ಚು ಕಡಿಮೆಯಾದರೂ ಊರು ಬೆರಳು ತೋರಿಸುವುದು ಅವಳ ಕಡೆಗೆ. ಅವಳು ಬೀಗಿತಿಯನ್ನು ನೋಡಿದಳು, ಮಗಳನ್ನು ನೋಡಿದಳು. ಕವಿತಾ ಕಲ್ಲಿನ ಬದಿಯಿಂದ ಒಂದು ಮೊಳ ಸರಿದು ಜಾಗ ಮಾಡಿದಳು, ಅಷ್ಟೇ. ಶಾಂತವ್ವ ಎದ್ದಳು. ಜೋಳದ ಮೊರವನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಹೊಸ್ತಿಲಿನ ಹತ್ತಿರ, ಹುಲಿಗೆವ್ವನ ಮುಂದೆ ಇಟ್ಟಳು.

"ಅಲ್ಲಿಂದ ಒಗದ್ರ ಕಲ್ಲಿನ ಬಾಯಾಗ ಬೀಳ್ತಾವೇನ ಆಯೀ?" ಎಂದಳು ಬಸಮ್ಮ. "ಗೋಲಿ ಆಡ್ತೀಯೇನು? ಮೊರ ತಗೊಂಡು ಮುಂದ ಬಾ."

ಕವಿತಾ ಮೊದಲು ನಕ್ಕಳು. ಮದುಮಗಳು ನಕ್ಕ ಮೇಲೆ ಉಳಿದವರಿಗೇನು. ಆ ನಗೆಯೊಳಗೆ ಹುಲಿಗೆವ್ವ ಹೇಗೆ ಎದ್ದಳು, ಹೇಗೆ ಹೊಸ್ತಿಲು ದಾಟಿದಳು, ನಾನು ಸರಿಯಾಗಿ ನೋಡಲಿಲ್ಲ. ನೋಡಿದಾಗ ಅವಳು ಕಲ್ಲಿನ ಪಕ್ಕದಲ್ಲಿ ಮೊರ ಮಡಿಲಿಗೆ ಎಳೆದುಕೊಂಡು ಕೂತಿದ್ದಳು.

ನಾನು ಮೊದಲ ಮಾತು ಎತ್ತಿದೆ. ಬಸಮ್ಮ ಏರಿಸಿದಳು. ಎರಡು ಸಾಲಾಗಿ ಒಂಬತ್ತು ಬಾಯಿ ಮುಚ್ಚಿದವು, ಆ ಬಿಡುವಿನಲ್ಲಿ ಹುಲಿಗೆವ್ವನ ಕೈ ಇಳಿದು ಏರಿತು, ಸರ್ರೆಂದು ಕಾಳು ಬಿತ್ತು, ಮತ್ತು ಶಾಂತವ್ವ ಮೂರನೆಯ ಸಾಲು ಮುಟ್ಟಿಸಿದಳು. ಕಲ್ಲು ತೂಕ ಹಿಡಿಯಿತು. ಅಂಚಿನಿಂದ ಹಿಟ್ಟು ಬೀಳತೊಡಗಿತು. ಇಪ್ಪತ್ತೊಂದು ನುಡಿಯೂ ಮುಗಿದವು. ಹುಲಿಗೆವ್ವ ಒಂದು ಸಲವೂ ಬಾಯಿ ತೆರೆಯಲಿಲ್ಲ. ಹಾಡುವುದನ್ನು ನಮಗೇ ಬಿಟ್ಟು, ಹಾಡದ ಜಾಗವನ್ನಷ್ಟೇ ಅವಳು ತುಂಬಿದಳು.

ಮುಗಿದ ಮೇಲೆ ಎಲ್ಲರ ಕಣ್ಣೂ ಬೀಗಿತಿಯ ಮೇಲೆ. ನಾಗರತ್ನಮ್ಮ ಕೈಯಲ್ಲಿದ್ದ ಎಲೆಯನ್ನು ಕಡೆಗೂ ಮಡಿಸಿ ಬಾಯಿಗೆ ಹಾಕಿಕೊಂಡಳು. "ನಮ್ಮಾಗ ಕಲ್ಲಿಲ್ಲಮ್ಮಾ. ಭತ್ತ ನಾಟಿ ಮಾಡೋವಾಗ ನಮ್ಮತ್ತಿ ಹಾಡ್ತಿದ್ರು, ಗದ್ದಿ ತುಂಬ ಕೇಳ್ತಿತ್ತು. ನಾ ಒಂದೂ ಕಲೀಲಿಲ್ಲ. ಅದಕ್ಕಾ ಅವತ್ತು ಕೇಳಿದ್ದು" ಎಂದಳು. ಆಮೇಲೆ ರೇಣುಕಾಳ ಕಡೆ ತಿರುಗಿ, "ಫೋನಿನ್ಯಾಗ ಹೆಂಗ ತುಂಬ್ಕೋತಾರ ತೋರಿಸಮ್ಮಾ. ನಮ್ಮ ಊರಾಗ ಇನ್ನಾ ಒಬ್ಬಾಕಿ ಅದಾಳ ಮುದುಕಿ" ಎಂದಳು. ಶಾಂತವ್ವ ಅಳುತ್ತ ನಕ್ಕಳೋ ನಗುತ್ತ ಅತ್ತಳೋ, ಒಳಗೆ ಹೋಗಿಬಿಟ್ಟಳು.

ಸಂಜೆ ಹುಲಿಗೆವ್ವ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ನಾನು ಸಿಟ್ಟಿನಿಂದಲೇ ಕೇಳಿದೆ: "ಕಾಳು ಹಾಕಾಕ ನಿಂದ್ರಬೇಕು ಅಂತ ಒಂದ ಮಾತು ಹೇಳಬಾರ್ದಾಗಿತ್ತೇನ ಯವ್ವಾ? ಮೂರು ತಿಂಗಳು ಕಟ್ಟೀ ಮ್ಯಾಲೆ ಕುಂತು ಕೇಳಿದಿ."

ಅವಳು ನನ್ನನ್ನು ಮಗುವನ್ನು ನೋಡುವಂತೆ ನೋಡಿದಳು. "ಉಸಿರಾಡ್ರಿ ಅಂತ ಯಾರರ ಹೇಳಿ ಕೊಡ್ತಾರೇನವಾ? ಬೀಸೋರು ಕಾಳು ಹಾಕ್ತಾರ. ನಿಮಗ ಗೊತ್ತಿಲ್ಲಂತ ನನಗೇನ ಗೊತ್ತು?"

ಊರಲ್ಲಿ ಮಾತು ಬಂದವು. ಬ್ಯಾಡಾಗಿತ್ತು ಎಂದವರು ಇದ್ದರು, ನನ್ನ ಮುಖಕ್ಕೇ ಅಂದರು. ಕವಿತಾಳಿಗೆ ಮರುವರ್ಷ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಸುಖವಾಗಿದ್ದಾರೆ. ಆ ಸುದ್ದಿ ಬರುವವರೆಗೆ ಶಾಂತವ್ವನೂ ನಾನೂ ಒಂದೊಂದು ಸೋಮವಾರವೂ ಎದೆ ಹಿಡಿದುಕೊಂಡೇ ದೀಪ ಹಚ್ಚಿದೆವು. ಧೈರ್ಯದಿಂದ ಮಾಡಿದೆವೆಂದು ಈಗ ಹೇಳಿಕೊಂಡರೆ ಸುಳ್ಳಾಗುತ್ತದೆ. ಹೆದರಿಕೊಂಡೇ ಮಾಡಿದೆವು. ದೇವರು ನಡೆಸಿಕೊಟ್ಟ.

ಹುಲಿಗೆವ್ವ ಇದ್ದಾಳೆ. ಈಗ ನಮ್ಮ ಪಡಸಾಲೆಗೆ ಬೀಗ, ಹುಣಸೆ ಒಡೆಯುವುದು ಶಾಂತವ್ವನ ಮನೆಯಲ್ಲಿ. ಹುಲಿಗೆವ್ವ ಕಟ್ಟೆಯ ಮೇಲೆ ಕೂರುವುದಿಲ್ಲ, ಒಳಗೇ ಕೂರುತ್ತಾಳೆ. ಇನ್ನೊಂದು ಪದ ನಡೆದಿದೆಯಂತೆ, ಈ ಸಲ ಕಲ್ಲು ಹಾಕಿಕೊಂಡೇ. ಬಸ್ಸು ಸಿಕ್ಕ ದಿನ ನಾನೂ ಹೋಗುತ್ತೇನೆ. ನುಡಿಯ ಮೊದಲ ಮಾತುಗಳನ್ನು ನನಗಾಗಿ ಬಿಟ್ಟಿರುತ್ತಾರೆ.

ಗಿರಣಿಯಲ್ಲಿ ನನ್ನ ಪಾಳಿ ಬಂತು. ನಾನು ಯಾವಾಗಿನಿಂದ ಗುನುಗುತ್ತಿದ್ದೆನೋ ನನಗೇ ತಿಳಿಯದು. ಗಿರಣಿಯವನು ನನ್ನ ಡಬ್ಬಿಯನ್ನು ಎತ್ತಿ, ಮೇಲೆ ಹಿಡಿದು, ನನ್ನ ಮುಖ ನೋಡಿದ. "ಯಾಕ್ರೀ ಅಮ್ಮಾ, ಒಮ್ಮಿಗೇ ಸುಮ್ಮನಾದ್ರಿ?"

"ನೀ ಹಾಕಪಾ" ಎಂದೆ. ಅವನು ಜೋಳ ಸುರಿದ. ನಾನು ಮೂರನೆಯ ಸಾಲು ಹಿಡಿದೆ.